ಹೊಸ ತಾಲ್ಲೂಕುಗಳ ಹಳೇ ಲೆಕ್ಕ ಕೊಡಿ: ಕಂದಾಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರಿಗೆ, ನಮಸ್ಕಾರ.

2011ರ ಜನಗಣತಿ ಪುಸ್ತಕದಲ್ಲಿ ಕರ್ನಾಟಕಕ್ಕೆ 30 ಜಿಲ್ಲೆ, 176 ತಾಲ್ಲೂಕು. 2023ರಲ್ಲಿ ಬರ ಘೋಷಣೆಯಾದಾಗ ರಾಜ್ಯ ಸರ್ಕಾರ ಹೇಳಿದ್ದು 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು. ನಡುವೆ ಹುಟ್ಟಿದ 60 ತಾಲ್ಲೂಕುಗಳಿಗೆ ಜನಗಣತಿ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ತಹಶೀಲ್ದಾರರಿದ್ದಾರೆ, ಬೋರ್ಡಿದೆ, ಸೀಲಿದೆ. ಅಲ್ಲಿ ಎಷ್ಟು ಜನರಿದ್ದರು ಎಂದು ಕೇಳಿದರೆ ಒಂದೊಂದು ಇಲಾಖೆ ಒಂದೊಂದು ಅಂಕಿ ಹೇಳುತ್ತದೆ.

ಮುಂದಿನ ಗಣತಿಯ ಉಲ್ಲೇಖ ದಿನಾಂಕ 2027ರ ಮಾರ್ಚ್ 1. ಅದಕ್ಕಾಗಿ 2026ರ ಜನವರಿ 1ರಿಂದ 2027ರ ಮಾರ್ಚ್ 31ರವರೆಗೆ ಜಿಲ್ಲೆ, ತಾಲ್ಲೂಕು, ಗ್ರಾಮಗಳ ಗಡಿಯನ್ನು ಯಾರೂ ಮುಟ್ಟುವಂತಿಲ್ಲ. ಈ ಗಣತಿಯಲ್ಲಿ ಹೊಸ ತಾಲ್ಲೂಕುಗಳಿಗೆ ಮೊದಲ ಸಲ ಅವುಗಳದೇ ಸಾಲು ಸಿಗುತ್ತದೆ. ಆದರೆ ಪಕ್ಕದ 2011ರ ಅಂಕಣ ಖಾಲಿ ಇರುತ್ತದೆ. ಜಿಲ್ಲೆಗಳ ಮಟ್ಟಿಗೆ ಈ ತೊಂದರೆ ಇಲ್ಲ. ಜನಗಣತಿ ಇಲಾಖೆಯ ಎ-2 ಕೋಷ್ಟಕ 1901ರಿಂದೀಚಿನ ಅಂಕಿಗಳನ್ನು ಆಯಾ ಗಣತಿಯ ಹೊತ್ತಿನ ಜಿಲ್ಲಾ ಗಡಿಗೆ ಹೊಂದಿಸಿ ಕೊಡುತ್ತದೆ. ತಾಲ್ಲೂಕಿಗೆ ಅಂಥದ್ದು ಇಲ್ಲ. ಗೆರೆ ಎಳೆದದ್ದು ಕಂದಾಯ ಇಲಾಖೆ, ಹಾಗಾಗಿ ಆ ಅಂಕಣ ತುಂಬಿಕೊಡುವ ಹೊಣೆಯೂ ನಿಮ್ಮದೇ ಎಂಬುದು ನಮ್ಮ ವಾದ.

ಕೆಲಸ ಎಷ್ಟು ತೊಡಕಿನದು ಎಂಬುದಕ್ಕೆ ವಿಜಯನಗರ ಜಿಲ್ಲೆಯನ್ನೇ ನೋಡಿ. 2021ರ ಫೆಬ್ರುವರಿಯ ಅಧಿಸೂಚನೆಯಂತೆ ಬಳ್ಳಾರಿಯಿಂದ ಬೇರೆಯಾದ ಈ ಜಿಲ್ಲೆಯಲ್ಲಿ ಹೊಸಪೇಟೆ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಎಂದು ಆರು ತಾಲ್ಲೂಕು. 2011ರ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 24,52,595. ಇದನ್ನು ತಾಲ್ಲೂಕುವಾರು ಎರಡು ಪಾಲು ಮಾಡಿದರೆ ಆಯಿತಲ್ಲ ಎನ್ನುವವರಿದ್ದಾರೆ. ಆಗುವುದಿಲ್ಲ. ಹಡಗಲಿ ಮತ್ತು ಹಗರಿಬೊಮ್ಮನಹಳ್ಳಿಯ ಸಾಲುಗಳನ್ನು ಇಡಿಯಾಗಿ ಎತ್ತಿಕೊಳ್ಳಬಹುದು. ಕೊಟ್ಟೂರು ಆಗ ಕೂಡ್ಲಿಗಿಯೊಳಗಿತ್ತು, ಎರಡೂ ಈಗ ಒಂದೇ ಜಿಲ್ಲೆಯಲ್ಲಿರುವುದರಿಂದ ಜಿಲ್ಲೆಯ ಮೊತ್ತಕ್ಕೆ ತೊಂದರೆಯಿಲ್ಲ. ಸಿಕ್ಕಿಕೊಳ್ಳುವುದು ಹೊಸಪೇಟೆಯಲ್ಲಿ. 2011ರ ಹೊಸಪೇಟೆ ತಾಲ್ಲೂಕಿನೊಳಗೆ ಕಂಪ್ಲಿಯೂ ಸೇರಿತ್ತು. ಕಂಪ್ಲಿ ಈಗ ಪ್ರತ್ಯೇಕ ತಾಲ್ಲೂಕು, ಮತ್ತು ಅದು ಉಳಿದದ್ದು ಬಳ್ಳಾರಿ ಜಿಲ್ಲೆಯಲ್ಲಿ. ಅಂದರೆ ಹಳೇ ಹೊಸಪೇಟೆಯ ಒಂದೇ ಸಾಲು ಎರಡು ಜಿಲ್ಲೆಗೆ ಹರಿದುಹೋಗಿದೆ. ಗ್ರಾಮವಾರು ಪಟ್ಟಿ ಹಿಡಿದು ಕೂಡಿಸದೆ ಬೇರೆ ದಾರಿಯಿಲ್ಲ.

ಇನ್ನು ಹರಪನಹಳ್ಳಿ ಬಳ್ಳಾರಿಯ ಪುಸ್ತಕದಲ್ಲಿ ಸಿಗುವುದೇ ಇಲ್ಲ. 1991ರ ಗಣತಿಯಲ್ಲಿ ಅದು ಬಳ್ಳಾರಿ ಜಿಲ್ಲೆಯದು. 1997ರಲ್ಲಿ ಏಳು ಹೊಸ ಜಿಲ್ಲೆಗಳಾದಾಗ ದಾವಣಗೆರೆಗೆ ಹೋಯಿತು, ಹಾಗಾಗಿ 2001 ಮತ್ತು 2011ರ ಅಂಕಿ ಇರುವುದು ದಾವಣಗೆರೆಯ ಲೆಕ್ಕದಲ್ಲಿ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿಯ ಸೌಲಭ್ಯದ ಬೇಡಿಕೆಯಿಂದ 2018ರಲ್ಲಿ ಮತ್ತೆ ಬಳ್ಳಾರಿಗೆ ಸೇರಿಸುವ ತೀರ್ಮಾನವಾಯಿತು, 2021ರಲ್ಲಿ ವಿಜಯನಗರಕ್ಕೆ ಬಂತು. ಇಷ್ಟೆಲ್ಲ ಆದರೂ ಲೋಕಸಭೆಗೆ ಅಲ್ಲಿನ ಮತದಾರರು ಆರಿಸುವುದು ದಾವಣಗೆರೆಯ ಸಂಸದರನ್ನು! ಕ್ಷೇತ್ರ ಪುನರ್ವಿಂಗಡಣೆ ಜಿಲ್ಲೆಯ ಗಡಿ ಬದಲಾದಾಗಲೆಲ್ಲ ನಡೆಯುವಂಥದ್ದಲ್ಲವಲ್ಲ. ಈಗ ಯಾರಾದರೂ ದಾವಣಗೆರೆಯ 2011ರ 19,45,497ರ ಪಕ್ಕ 2027ರ ಅಂಕಿಯನ್ನು ಹಾಗೇ ಇಟ್ಟರೆ ಏನಾದೀತು? ಜಿಲ್ಲೆಯ ಬೆಳವಣಿಗೆಯೇ ನಿಂತಂತೆ ಕಂಡೀತು. ವಾಸ್ತವದಲ್ಲಿ ಒಂದು ಇಡೀ ತಾಲ್ಲೂಕೇ ಆ ಲೆಕ್ಕದಿಂದ ಹೊರಗೆ ಹೋಗಿರುತ್ತದೆ.

ಗ್ರಾಮವಾರು ಕೂಡಿಸಲು ಕೂತಾಗ ಎಲ್ಲಿ ತಪ್ಪುತ್ತದೆ ಎಂಬುದನ್ನು ಹೇಳಬೇಕು. ನಿಮ್ಮ ಇಲಾಖೆ ಗಡಿಯನ್ನು ಯೋಚಿಸುವುದು ಹೋಬಳಿ ಲೆಕ್ಕದಲ್ಲಿ. ಜನಗಣತಿ ಕೋಷ್ಟಕ ಜಿಲ್ಲೆ, ತಾಲ್ಲೂಕು ಆದಮೇಲೆ ನೇರ ಗ್ರಾಮಕ್ಕೆ ಇಳಿಯುತ್ತದೆ, ನಡುವೆ ಹೋಬಳಿಯೇ ಇಲ್ಲ. ‘ಇಂಥ ಹೋಬಳಿ ಹೊಸ ತಾಲ್ಲೂಕಿಗೆ’ ಎಂಬ ಒಂದು ವಾಕ್ಯದಿಂದ ಜನಸಂಖ್ಯೆ ತೆಗೆಯಲು ಬರುವುದಿಲ್ಲ. ಹೆಸರು ಹಿಡಿದು ಹೊಂದಿಸಲು ಹೋದರೆ ಒಂದೇ ಹೆಸರಿನ ಹಳ್ಳಿಗಳು ಒಂದೇ ಜಿಲ್ಲೆಯಲ್ಲಿ ಎರಡು ಮೂರು ಎದುರಾಗುತ್ತವೆ. ಅದರ ಮೇಲೆ 2011ರ ಇಂಗ್ಲಿಷ್ ಕಡತದಲ್ಲಿ ‘ಹಾಸ್ಪೆಟ್’, ‘ಬೆಲ್ಲಾರಿ’ ಎಂದಿದ್ದದ್ದು 2014ರ ನವೆಂಬರ್ ನಂತರ ಬದಲಾಗಿದೆ. ನಂಬಬಹುದಾದದ್ದು ಒಂದೇ: 2011ರ ಆರು ಅಂಕಿಯ ಗ್ರಾಮ ಕೋಡ್.

ಬೇಚರಾಕ್, ಅಂದರೆ ಜನವಸತಿ ಇಲ್ಲದ ಗ್ರಾಮಗಳ ಕಥೆ ಬೇರೆ. 2011ರಲ್ಲಿ ರಾಜ್ಯದ 29,340 ಗ್ರಾಮಗಳ ಪೈಕಿ ಜನವಸತಿ ಇದ್ದದ್ದು 27,397ರಲ್ಲಿ. ಉಳಿದವುಗಳ ಜನಸಂಖ್ಯೆ ಸೊನ್ನೆ, ಆದ್ದರಿಂದ ಪಟ್ಟಿಯಲ್ಲಿ ಬಿಟ್ಟುಹೋದರೂ ಆಕ್ಷೇಪಣೆ ಸಲ್ಲಿಸಲು ಅಲ್ಲಿ ಯಾರೂ ಇರುವುದಿಲ್ಲ. ಆದರೆ ಜಮೀನಿದೆ, ಪಹಣಿ ಇದೆ. ವಿಸ್ತೀರ್ಣ ತಪ್ಪಿದರೆ ಜನಸಾಂದ್ರತೆಯೂ ತಪ್ಪುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಒಡೆದ ಗ್ರಾಮ. ತಾಂಡಾ, ಗೊಲ್ಲರಹಟ್ಟಿ, ಹಾಡಿಗಳನ್ನು ಕಂದಾಯ ಗ್ರಾಮ ಮಾಡಿದ್ದು ಒಳ್ಳೆಯ ಕೆಲಸ, ತಡವಾಯಿತು ಎಂದರೂ ಸರಿಯೇ. 2023ರ ಜನವರಿಯಲ್ಲಿ ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಸಿಕ್ಕಿತು. ಆದರೆ ಆ ತಾಂಡಾಗಳ ಜನ 2011ರಲ್ಲಿ ಮೂಲ ಗ್ರಾಮದ ಲೆಕ್ಕದಲ್ಲಿದ್ದಾರೆ. ಈಗ ತಾಂಡಾ ಬೇರೆ ಗ್ರಾಮವಾದರೆ, ಮೂಲ ಗ್ರಾಮದ ಹಳೇ ಅಂಕಿಯಲ್ಲಿ ತಾಂಡಾದ ಪಾಲೆಷ್ಟು? ಸಾಮಾನ್ಯವಾಗಿ ಮಾಡುವುದು ವಿಸ್ತೀರ್ಣದ ಪ್ರಕಾರ ಹಂಚಿಕೆ: ಶೇ 5ರಷ್ಟು ಜಮೀನು ಹೋದರೆ ಶೇ 5ರಷ್ಟು ಜನ. ಇದು ಶುದ್ಧ ತಪ್ಪು. ನಾಲ್ಕೆಂಟು ಎಕರೆಯಲ್ಲಿ ಒತ್ತೊತ್ತಾಗಿ ಇನ್ನೂರು ಮನೆ ಇರುವ ತಾಂಡಾಕ್ಕೆ ಈ ಲೆಕ್ಕ ನಾಲ್ಕು ಮನೆಯನ್ನೂ ಕೊಡುವುದಿಲ್ಲ. ಸರಿಯಾದ ದಾರಿ ಗಣತಿ ಬ್ಲಾಕ್. ಒಬ್ಬ ಗಣತಿದಾರರಿಗೆ ವಹಿಸುವ ಬ್ಲಾಕಿನಲ್ಲಿ ಸುಮಾರು 600ರಿಂದ 800 ಜನ ಇರುತ್ತಾರೆ, ಬ್ಲಾಕಿಗೊಂದು ಕೈನಕ್ಷೆ ಇರುತ್ತದೆ. 2011ರ ಬ್ಲಾಕ್‌ವಾರು ಮೊತ್ತವನ್ನು ಜನಗಣತಿ ನಿರ್ದೇಶನಾಲಯದಿಂದ ಕೇಳಿ ಪಡೆದು, ಆ ನಕ್ಷೆಯನ್ನು ಇಂದಿನ ಗ್ರಾಮ ನಕಾಶೆಯ ಪಕ್ಕ ಇಟ್ಟು, ಗ್ರಾಮ ಆಡಳಿತ ಅಧಿಕಾರಿಯಿಂದ ಸ್ಥಳದಲ್ಲೇ ತಾಳೆ ನೋಡಿಸಬೇಕು. ಪುರಸಭೆ, ಪಟ್ಟಣ ಪಂಚಾಯಿತಿಗೆ ಅರ್ಧ ಸೇರಿ ಅರ್ಧ ಉಳಿದ ಗ್ರಾಮಗಳಿಗೂ ಇದೇ ಕ್ರಮ, ಜೊತೆಗೆ ಸೇರಿದ ಸರ್ವೆ ನಂಬರುಗಳ ಪಟ್ಟಿ.

ಇದು ಅಂಕಿಅಂಶ ಪ್ರಿಯರ ತಕರಾರಷ್ಟೇ ಅಲ್ಲ. ಗ್ರಾಮ ಪಂಚಾಯಿತಿಯಲ್ಲಿ 400 ಜನರಿಗೆ ಒಬ್ಬ ಸದಸ್ಯ ಎಂಬ ನಿಯಮಕ್ಕೆ ಆಧಾರ ಹಿಂದಿನ ಪ್ರಕಟಿತ ಗಣತಿ. 2027ರ ಅಂಕಿ ಪ್ರಕಟವಾಗುವವರೆಗೂ ಅದು 2011ರದೇ. ಪ್ರಾದೇಶಿಕ ಅಸಮತೋಲನದ ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 175 ತಾಲ್ಲೂಕುಗಳನ್ನು ಅಳೆದು 114 ಹಿಂದುಳಿದವು ಎಂದಿತು. ಮುಂದುವರಿದದ್ದು ಎನಿಸಿಕೊಂಡ ತಾಲ್ಲೂಕಿನ ಬಡ ಹೋಬಳಿಗಳೆಲ್ಲ ಒಟ್ಟಾಗಿ ಹೊಸ ತಾಲ್ಲೂಕಾದರೂ ಹಳೇ ಹಣೆಪಟ್ಟಿ ಹಾಗೇ ಅಂಟಿಕೊಂಡಿರುತ್ತದೆ. ಅದನ್ನು ಕೀಳಲು ಬೇಕಾದ ಮೊದಲ ಅಂಕಿಯೇ ಇಲ್ಲ.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. 2026ರ ಜನವರಿ 1ರಂದು ಇದ್ದ ಗಡಿಗೆ ಹೊಂದಿಸಿ ಪ್ರತಿ ತಾಲ್ಲೂಕಿನ 2001 ಮತ್ತು 2011ರ ಜನಸಂಖ್ಯೆಯನ್ನು ಪ್ರಕಟಿಸಿ, ಜೊತೆಗೆ ಅದು ಹೇಗೆ ಬಂತೆಂದು ತೋರಿಸುವ ಗ್ರಾಮವಾರು ಪಟ್ಟಿಯನ್ನೂ ಕೊಡಿ. ಒಂದೊಂದು ಸಾಲಿನಲ್ಲಿ 2011ರ ಗ್ರಾಮ ಕೋಡ್, ಹಳೇ ಜಿಲ್ಲೆ ಮತ್ತು ತಾಲ್ಲೂಕು, ಈಗಿನ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಪಂಚಾಯಿತಿ, ವಿಸ್ತೀರ್ಣ, ಜನಸಂಖ್ಯೆ, ಬದಲಾವಣೆಯ ಅಧಿಸೂಚನೆ ಸಂಖ್ಯೆ ಇರಲಿ. ಅಂದಾಜು ಮಾಡಿದ ಅಂಕಿಗೆ ನಕ್ಷತ್ರ ಗುರುತು ಹಾಕಿ, ಮುಚ್ಚಿಡಬೇಡಿ. ಮೊದಲು ಬಳ್ಳಾರಿ, ವಿಜಯನಗರ, ದಾವಣಗೆರೆ ಮೂರನ್ನೂ ಒಟ್ಟಿಗೆ ಮುಗಿಸಿದರೆ ಉಳಿದ ಜಿಲ್ಲೆಗಳಿಗೆ ಮಾದರಿ ಸಿಗುತ್ತದೆ. ಇದಕ್ಕಿಂತ ತೊಡಕಿನದು ಇನ್ನೊಂದಿಲ್ಲ.

2027ರ ಏಪ್ರಿಲ್ ಬಂದ ಕೂಡಲೇ ಹೊಸ ತಾಲ್ಲೂಕಿನ ಬೇಡಿಕೆಗಳು ನಿಮ್ಮ ಮೇಜಿಗೆ ಬಂದು ಬೀಳುತ್ತವೆ, ಅದು ನಿಮಗೂ ಗೊತ್ತು. ಯಾವುದನ್ನು ಒಪ್ಪುತ್ತೀರೋ ಬಿಡುತ್ತೀರೋ ನಿಮಗೆ ಬಿಟ್ಟದ್ದು. ಆದರೆ ಮೇಲಿನ ಪಟ್ಟಿ ಅನುಬಂಧವಾಗಿ ಇಲ್ಲದ ಕರಡು ಅಧಿಸೂಚನೆ ರಾಜ್ಯಪತ್ರಕ್ಕೆ ಹೋಗಬಾರದು ಎಂದು ಒಂದು ಸುತ್ತೋಲೆ ಹೊರಡಿಸಿ. ಆಕ್ಷೇಪಣೆ ಸಲ್ಲಿಸುವವರು ತಮ್ಮ ಊರಿನ ಸಾಲನ್ನು ಆಗಲೇ ನೋಡಿ ತಪ್ಪಿದ್ದರೆ ಹೇಳಲಿ.

ಕೊನೆಯದಾಗಿ, ಪಟ್ಟಿಯನ್ನು ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿ ಹಾಕಬೇಡಿ. ಎಕ್ಸೆಲ್ ಅಥವಾ ಸಿಎಸ್‌ವಿ ಕಡತ ಕೊಡಿ, ಗ್ರಾಮದ ಹೆಸರು ಹಳೇ ನುಡಿ ಫಾಂಟಿನಲ್ಲಿ ಬೇಡ, ಯೂನಿಕೋಡ್‌ನಲ್ಲಿರಲಿ. ಕೋಡ್ ಅಂಕಣವನ್ನು ಪಠ್ಯವೆಂದೇ ಉಳಿಸಲು ಹೇಳಿ, ಇಲ್ಲದಿದ್ದರೆ ಎಕ್ಸೆಲ್ ಅದನ್ನು ಬರಿಯ ಸಂಖ್ಯೆಯೆಂದು ಎಣಿಸುತ್ತದೆ.

ಇತಿ ತಮ್ಮ ವಿಶ್ವಾಸಿಗಳು,
ಗ್ರಾಮವಾರು ಜನಸಂಖ್ಯೆಯ ಲೆಕ್ಕದಲ್ಲಿ ತೊಡಗಿರುವ ಕೆಲವರು