ಇನ್‌ಸ್ಟಾಲ್ ಆಗೋದು ದೊಡ್ಡದಲ್ಲ, ಡ್ರೈವರ್ ಕೂರಬೇಕಲ್ಲ

ಸಂಪಾದಕರಿಗೆ ನಮಸ್ಕಾರ,

ಹಳೇ ವಿಂಡೋಸ್ ಲ್ಯಾಪ್‌ಟಾಪ್‌ಗೆ ಮ್ಯಾಕ್‌ಓಎಸ್ ಹಾಕ್ಕೊಳ್ಳೋದು ಹೇಗೆ ಅಂತ ನಿಮ್ಮ ಟೆಕ್ ಪುಟದಲ್ಲಿ ಬಂದಿದ್ದ ಬರಹ ಓದಿದೆ. ಪೆನ್‌ಡ್ರೈವ್ ರೆಡಿ ಮಾಡೋದು, ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡೋದು, ಆಪಲ್‌ದಲ್ಲದ ಮೆಷಿನ್‌ನಲ್ಲೂ ಮ್ಯಾಕ್‌ಓಎಸ್ ಶುರು ಮಾಡಿಸೋ ಓಪನ್‌ಕೋರ್ ಹಾಕೋದು ಎಲ್ಲಾ ಸರಿಯಾಗೇ ಬರೆದಿದಾರೆ, ಅದರಲ್ಲಿ ನನ್ನ ತಕರಾರಿಲ್ಲ. ಆದ್ರೆ ಕೊನೇಲಿ, ಬೇಕಾದ ಡ್ರೈವರ್ ಹಾಕ್ಕೊಂಡ್ರೆ ಆಯ್ತು ಅಂತ ಒಂದೇ ಸಾಲಲ್ಲಿ ಕೈ ತೊಳ್ಕೊಂಡುಬಿಟ್ಟಿದಾರಲ್ಲ, ಆ ಒಂದು ಸಾಲಿಗೆ ನನ್ನ ಮೂರು ವಾರದ ನಿದ್ದೆ ಹೋಗಿದೆ. ಅದಕ್ಕೇ ಈ ಪತ್ರ ಬರೀತಿದೀನಿ.

ಮೊದಲು ಯಾಕೆ ಕಷ್ಟ ಅಂತ ಹೇಳ್ತೀನಿ. ಮ್ಯಾಕ್‌ಓಎಸ್‌ನ ಆಪಲ್‌ನೋರು ತಮ್ಮ ಮೆಷಿನ್‌ಗೆ ಅಂತಲೇ ಮಾಡಿರೋದು, ಕಂಡೋರ ಲ್ಯಾಪ್‌ಟಾಪ್‌ನಲ್ಲಿರೋ ಚಿಪ್ಪಿಗೆಲ್ಲ ಅದರಲ್ಲಿ ಡ್ರೈವರ್, ಅಂದ್ರೆ ಆ ಚಿಪ್ಪನ್ನ ಓಡಿಸೋ ಸಾಫ್ಟ್‌ವೇರ್, ಇರಲ್ಲ. 2006ರಲ್ಲಿ ಇಂಟೆಲ್ ಪ್ರೊಸೆಸರ್ ಇರೋ ಮ್ಯಾಕ್ ಬಂತು ನೋಡಿ, ಆಮೇಲಿಂದ ಬೇರೆ ಕಂಪನಿ ಮೆಷಿನ್‌ಗೆ ಮ್ಯಾಕ್‌ಓಎಸ್ ಹಾಕೋ ಈ ಹ್ಯಾಕಿಂಟಾಷ್ ಹುಚ್ಚು ಜೋರಾಯ್ತು, ಯಾಕಂದ್ರೆ ಪ್ರೊಸೆಸರ್ ಎರಡರಲ್ಲೂ ಒಂದೇ ಜಾತಿ. ಆದ್ರೆ ಅದರ ಸುತ್ತ ಕೂತಿರೋ ಸೌಂಡ್ ಚಿಪ್ಪು, ಟಚ್‌ಪ್ಯಾಡು, ವೈಫೈ ಕಾರ್ಡು, ಬ್ಯಾಟರಿ ಲೆಕ್ಕ ಹೇಳೋ ಕಂಟ್ರೋಲರ್ರು ಎಲ್ಲಾ ಬೇರೆ ಬೇರೆ. ಅವುಕ್ಕೆ ಬೇಕಾದ ಡ್ರೈವರ್‌ಗಳನ್ನ, ಅಲ್ಲಿ ಕೆಕ್ಸ್ಟ್ ಅಂತಾರೆ, ಯಾರೋ ಪುಣ್ಯಾತ್ಮರು ತಮ್ಮ ಬಿಡುವಿನಲ್ಲಿ ಕೂತು ಬರೆದು ಬಿಟ್ಟಿ ಕೊಟ್ಟಿರೋದು. ಡೆಸ್ಕ್‌ಟಾಪ್ ಆದ್ರೆ ಕೂಡಿಬರದ ಪಾರ್ಟ್ ಕಿತ್ತು ಬೇರೆ ಹಾಕ್ಕೋಬಹುದು, ಲ್ಯಾಪ್‌ಟಾಪ್‌ನಲ್ಲಿ ಕೊಟ್ಟಿದ್ದನ್ನ ಇಟ್ಕೊಂಡು ಬಾಳಬೇಕು.

ನಾನು ಮಾಡಿದ ಮೊದಲ ದಡ್ಡತನ ಅಂದ್ರೆ ನನ್ನ ಮಾಡೆಲ್‌ನೇ ಇಟ್ಕೊಂಡಿರೋ ಇನ್ಯಾರೋ ಮಾಡಿಟ್ಟಿದ್ದ ಇಎಫ್‌ಐ ಫೋಲ್ಡರ್, ಅಂದ್ರೆ ಓಪನ್‌ಕೋರ್, ಕೆಕ್ಸ್ಟ್, ಸೆಟ್ಟಿಂಗ್ ಎಲ್ಲಾ ಇರೋ ಫೋಲ್ಡರ್, ಹಾಗೇ ಕಾಪಿ ಹೊಡೆದಿದ್ದು. ಬೂಟ್ ಏನೋ ಆಯ್ತು, ಖುಷಿಯಾಗಿ ಕುಣಿದೂಬಿಟ್ಟೆ. ಆಮೇಲೆ ನೋಡಿದ್ರೆ ಟಚ್‌ಪ್ಯಾಡ್ ಸತ್ತಿದೆ, ಸೌಂಡ್ ಇಲ್ಲ, ಬ್ಯಾಟರಿ ಗುರುತೇ ಇಲ್ಲ, ಕಿಟಕಿ ಎಳೆದ್ರೆ ಎತ್ತಿನ ಗಾಡಿ ಥರ ಬರ್ತಿದೆ. ಗ್ರಾಫಿಕ್ಸ್ ಮೆಮೊರಿ ಎಷ್ಟು ಅಂತ ನೋಡಿದ್ರೆ 7 ಎಂಬಿ, ಅಂದ್ರೆ ಗ್ರಾಫಿಕ್ಸ್ ಡ್ರೈವರ್ ಕೂತೇ ಇಲ್ಲ! ಮಾಡೆಲ್ ಹೆಸರು ಒಂದೇ ಆದ್ರೂ ಒಳಗೆ ಒಂದು ಬ್ಯಾಚ್‌ಗೆ ಒಂದು ಕಂಪನಿ ಟಚ್‌ಪ್ಯಾಡು, ಇನ್ನೊಂದಕ್ಕೆ ಇನ್ನೊಂದು ಇರಬಹುದು ಅನ್ನೋದು ಆಗ ಗೊತ್ತಾಯ್ತು. ವಿಂಡೋಸ್ ಅಳಿಸೋಕೆ ಮುಂಚೆ ಡಿವೈಸ್ ಮ್ಯಾನೇಜರ್ ತೆಗೆದು ಯಾವ ಯಾವ ಚಿಪ್ ಇದೆ ಅಂತ ಒಂದು ಹಾಳೆಲಿ ಬರ್ಕೊಂಡಿದ್ರೆ ಆಗ್ತಿತ್ತು, ನಾನು ಅಳಿಸಿ ಕೂತಿದ್ದೆ, ಆಮೇಲೆ ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಒಂದೊಂದೇ ಹುಡುಕಬೇಕಾಯ್ತು.

ಗ್ರಾಫಿಕ್ಸ್ ಕತೆ ಕೇಳಿ. ನನ್ನದು ಏಳನೇ ಜನರೇಷನ್ ಇಂಟೆಲ್, ಅದರೊಳಗಿನ ಗ್ರಾಫಿಕ್ಸ್ ಎಚ್‌ಡಿ 620. ಇದಕ್ಕೆ ಡ್ರೈವರ್ ಮ್ಯಾಕ್‌ಓಎಸ್‌ನಲ್ಲೇ ಇದೆ, ಯಾವ ಫ್ರೇಮ್‌ಬಫರ್, ಅಂದ್ರೆ ಯಾವ ಡಿಸ್‌ಪ್ಲೇ ಸೆಟ್ಟಿಂಗ್, ಹಿಡ್ಕೋಬೇಕು ಅಂತ ಒಂದು ನಂಬರ್ ಕೊಟ್ರೆ ಸಾಕು, ವಾಟೆವರ್‌ಗ್ರೀನ್ ಅನ್ನೋ ಕೆಕ್ಸ್ಟ್ ಉಳಿದಿದ್ದು ನೋಡ್ಕೊಳುತ್ತೆ. ನಂಬರ್ 591ಬಿ0000. ನಾನು ಅದನ್ನ ಹಾಗೇ ಟೈಪ್ ಮಾಡಿದೆ. ಎರಡು ರಾತ್ರಿ ಆದ್ಮೇಲೆ ತಿಳಿದಿದ್ದು ಏನಂದ್ರೆ ಓಪನ್‌ಕೋರ್‌ನ ಕಾನ್ಫಿಗ್ ಫೈಲ್‌ನಲ್ಲಿ ಅದನ್ನ ಎರಡೆರಡು ಅಕ್ಷರದ ಜೋಡಿ ಮಾಡಿ ಹಿಂದಿನಿಂದ ಬರೀಬೇಕಂತೆ, 00001ಬಿ59 ಅಂತ. ಹಾಗೆ ಬರೆದು ರೀಸ್ಟಾರ್ಟ್ ಕೊಟ್ಟೆ, ಬೆಣ್ಣೆ ಥರ ಓಡ್ತು.

ಟಚ್‌ಪ್ಯಾಡ್‌ದು ಇನ್ನೂ ಮಜಾ. ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಟಚ್‌ಪ್ಯಾಡ್ ಪಿಎಸ್2 ಅನ್ನೋ ಹಳೇ ಲೈನಲ್ಲಿ ಇರ್ತಿತ್ತು, ಈಚಿನ ಬಹಳಷ್ಟರಲ್ಲಿ ಐ2ಸಿ ಅನ್ನೋ ಇನ್ನೊಂದು ಲೈನು. ನನ್ನದರಲ್ಲಿ ಕೀಬೋರ್ಡ್ ಪಿಎಸ್2, ಟಚ್‌ಪ್ಯಾಡ್ ಐ2ಸಿ, ಹಾಗಾಗಿ ವೂಡೂಪಿಎಸ್2, ವೂಡೂಐ2ಸಿ ಎರಡೂ ಕೆಕ್ಸ್ಟ್ ಬೇಕು. ಈ ಎರಡರ ಹೊಟ್ಟೆಯೊಳಗೂ ವೂಡೂಇನ್‌ಪುಟ್ ಅಂತ ಒಂದೇ ಮರಿ ಕೆಕ್ಸ್ಟ್ ಇದೆ, ಆ ಎರಡು ಮರಿಗಳನ್ನೂ ಆನ್ ಮಾಡಿದ್ರೆ ಎತ್ತು ಏರಿಗೆ, ಕೋಣ ನೀರಿಗೆ. ಒಂದನ್ನ ಆಫ್ ಮಾಡಬೇಕು, ಉಳಿದಿದ್ದು ಕಾನ್ಫಿಗ್ ಫೈಲ್‌ನ ಕೆಕ್ಸ್ಟ್ ಪಟ್ಟಿಯಲ್ಲಿ ಮೇಲೆ ಇರಬೇಕು. ಪಟ್ಟಿ ಅಂದ್ರೆ ಸುಮ್ನೆ ಅಲ್ಲ, ಓಪನ್‌ಕೋರ್ ಅದೇ ಆರ್ಡರ್‌ನಲ್ಲಿ ಲೋಡ್ ಮಾಡೋದು, ಲಿಲು ಅನ್ನೋ ಮೂಲ ಕೆಕ್ಸ್ಟ್ ಮೊದಲು ಬಂದಿಲ್ಲ ಅಂದ್ರೆ ಅದನ್ನ ನಂಬ್ಕೊಂಡಿರೋ ಕೆಕ್ಸ್ಟ್‌ಗಳೆಲ್ಲ ಮುಷ್ಕರ ಹೂಡ್ತವೆ. ನಾನು ಫೋಲ್ಡರ್‌ಗೆ ಫೈಲ್ ಹಾಕಿದ್ರೆ ಮುಗೀತು ಅಂದ್ಕೊಂಡಿದ್ದೆ.

ಸೌಂಡ್‌ಗೆ ಬಂದ್ರೆ, ಕೋಡೆಕ್, ಅಂದ್ರೆ ಸೌಂಡ್ ಚಿಪ್ಪು, ಎಎಲ್‌ಸಿ255. ಆಪಲ್‌ನ ಸೌಂಡ್ ಡ್ರೈವರ್‌ಗೆ ಈ ಚಿಪ್ಪಿನ ಯಾವ ಕಾಲು ಸ್ಪೀಕರ್‌ಗೆ ಹೋಗಿದೆ, ಯಾವುದು ಮೈಕ್‌ಗೆ ಅಂತ ಗೊತ್ತಿರಲ್ಲ. ಆಪಲ್‌ಎಎಲ್‌ಸಿ ಅನ್ನೋ ಕೆಕ್ಸ್ಟ್ ಆ ನಕ್ಷೆ ಒದಗಿಸುತ್ತೆ, ಆದ್ರೆ ಒಂದೊಂದು ಲ್ಯಾಪ್‌ಟಾಪ್‌ನ ವೈರಿಂಗ್ ಒಂದೊಂದು ಥರ ಇರೋದ್ರಿಂದ ಒಂದೇ ಚಿಪ್ಪಿಗೆ ಹತ್ತಾರು ನಕ್ಷೆ, ಹತ್ತಾರು ನಂಬರ್. ನಿಮ್ಮದು ಯಾವುದು ಅಂತ ಯಾರೂ ಹೇಳಲ್ಲ, ಹಾಕಿ ನೋಡ್ಬೇಕು. 11 ಹಾಕಿದೆ, ರೀಸ್ಟಾರ್ಟ್, ಸೌಂಡ್ ಇಲ್ಲ. 13 ಹಾಕಿದೆ, ಸ್ಪೀಕರ್ ಬಂತು ಮೈಕ್ ಹೋಯ್ತು. 21ಕ್ಕೆ ಮೈಕ್ ಬಂತು, ಆದ್ರೆ ಹೆಡ್‌ಫೋನ್ ಚುಚ್ಚಿದ್ರೆ ಸ್ಪೀಕರ್‌ನಲ್ಲೇ ಹಾಡ್ತಾ ಇರುತ್ತೆ. ಒಂದು ಭಾನುವಾರ ಪೂರ್ತಿ ಒಂದೇ ಹಾಡಿನ ಮೊದಲ ಐದು ಸೆಕೆಂಡ್ ಹಾಕಿ ಹಾಕಿ ಮನೆಯೋರು ಬೈದು ಎದ್ದು ಹೋದ್ರು.

ಬ್ಯಾಟರಿ ವಿಷಯದಲ್ಲಿ ಮಾತ್ರ ಕಾಲ ಸುಧಾರಿಸಿದೆ ಅನ್ನಬೇಕು. ಬ್ಯಾಟರಿ ಕಂಟ್ರೋಲರ್‌ನಿಂದ ಮ್ಯಾಕ್‌ಓಎಸ್ ಒಂದು ಸಲಕ್ಕೆ 8 ಬಿಟ್ ಮಾತ್ರ ಓದೋದು, ನಮ್ಮ ಲ್ಯಾಪ್‌ಟಾಪ್‌ಗಳು 16 ಬಿಟ್, ಇನ್ನೂ ಜಾಸ್ತಿ ಉದ್ದದ ಲೆಕ್ಕ ಇಟ್ಟಿರ್ತವೆ. ಮೊದಲೆಲ್ಲ ಎಸಿಪಿಐ ಟೇಬಲ್, ಅಂದ್ರೆ ಲ್ಯಾಪ್‌ಟಾಪ್ ತನ್ನ ಹಾರ್ಡ್‌ವೇರ್ ವಿವರ ಓಎಸ್‌ಗೆ ಹೇಳೋ ಪಟ್ಟಿ, ಬಿಚ್ಚಿ ಒಂದೊಂದು ಫೀಲ್ಡನ್ನೂ ಕೈಯಾರೆ ತುಂಡು ಮಾಡಬೇಕಿತ್ತು, ಈಗ ಇಸಿಎನೇಬ್ಲರ್ ಅನ್ನೋ ಪುಟ್ಟ ಕೆಕ್ಸ್ಟ್ ಆ ಕೆಲಸ ಮಾಡುತ್ತೆ. ವೆಬ್‌ಕ್ಯಾಮ್ ಒಳಗಡೆ ಯುಎಸ್‌ಬಿನೇ ಆಗಿರೋದ್ರಿಂದ ಏನೂ ಮಾಡದೆ ಬಂತು. ಇಂಟೆಲ್ ವೈಫೈಗೆ ಆಪಲ್ ಡ್ರೈವರ್ರೇ ಇಲ್ಲ, ಓಪನ್‌ಬಿಎಸ್‌ಡಿ ಅನ್ನೋ ಇನ್ನೊಂದು ಓಎಸ್‌ನ ಡ್ರೈವರ್ ಆಧಾರದ ಮೇಲೆ ಬರೆದ ಐಟಿಎಲ್‌ಡಬ್ಲ್ಯೂಎಂ ಇದೆ, ನೆಟ್ ಚೆನ್ನಾಗೇ ಬರುತ್ತೆ, ಆಪಲ್ ಮೆಷಿನ್‌ಗಳ ನಡುವೆ ಫೈಲ್ ಕಳಿಸೋ ಏರ್‌ಡ್ರಾಪ್ ಆಸೆ ಬಿಡಬೇಕು. ಜೊತೆಗೆ ಎನ್‌ವಿಡಿಯಾ ಚಿಪ್ ಇದ್ದು ಡಿಸ್‌ಪ್ಲೇ ಇಂಟೆಲ್ ಮೂಲಕವೇ ಬರೋ ಲ್ಯಾಪ್‌ಟಾಪ್‌ಗಳಲ್ಲಿ ಆ ಎನ್‌ವಿಡಿಯಾ ಕೆಲಸಕ್ಕೆ ಬರಲ್ಲ, ಆಫ್ ಮಾಡಿಡಬೇಕು, ಇಲ್ಲಾಂದ್ರೆ ಸುಮ್ನೆ ಬ್ಯಾಟರಿ ತಿನ್ನುತ್ತೆ. ಬೆರಳಚ್ಚು ರೀಡರ್ ಮರೆತುಬಿಡಿ.

ಇನ್ನು ಅಪ್‌ಡೇಟ್. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ವೈಫೈ ತಲೆನೋವೇ ಬೇಡ ಅಂತ ಎಷ್ಟೋ ಜನ ಕಾರ್ಡನ್ನೇ ಬದಲಾಯಿಸಿ ಹಳೇ ಮ್ಯಾಕ್‌ನಲ್ಲಿ ಬರ್ತಿದ್ದ ಬ್ರಾಡ್‌ಕಾಮ್ ಹಾಕ್ಕೊಂಡಿದ್ರು. 2023ರ ಸೊನೋಮಾ ಅಪ್‌ಡೇಟ್‌ನಲ್ಲಿ ಆಪಲ್ ಆ ಹಳೇ ಕಾರ್ಡ್‌ಗಳ ಬೆಂಬಲವನ್ನೇ ತೆಗೆದುಹಾಕ್ತು, ಸೊನೋಮಾಗೆ ಹೋದೋರೆಲ್ಲ ಮತ್ತೆ ಪ್ಯಾಚ್ ಹುಡುಕ್ಕೊಂಡು ಅಲೆದ್ರು. 2025ರ ಜೂನ್‌ನಲ್ಲಂತೂ ಮ್ಯಾಕ್‌ಓಎಸ್ ತಾಹೋನೇ ಇಂಟೆಲ್ ಮ್ಯಾಕ್‌ಗೆ ಕೊನೇ ವರ್ಷನ್ ಅಂತ ಆಪಲ್ ಹೇಳಿಬಿಟ್ಟಿದೆ, ಅಂದ್ರೆ ನಮ್ಮ ಈ ಕಸರತ್ತಿಗೂ ಅಲ್ಲಿಗೇ ಮಂಗಳ. ನಿಮ್ಮ ಬರಹದಲ್ಲಿ ಇದೂ ಇರಲಿಲ್ಲ. ಈಗ ಹೊಸದಾಗಿ ಶುರು ಮಾಡೋನಿಗೆ ಇದನ್ನ ಮೊದಲ ಪ್ಯಾರಾದಲ್ಲೇ ಹೇಳ್ಬೇಕಿತ್ತು.

ಕಾನೂನಿನ ಮಾತೂ ಬಿಟ್ಟುಹೋಗಿದೆ. ಆಪಲ್ ಬ್ರ್ಯಾಂಡ್ ಕಂಪ್ಯೂಟರ್‌ನಲ್ಲಿ ಮಾತ್ರ ಹಾಕಬೇಕು ಅಂತ ಲೈಸೆನ್ಸ್‌ನಲ್ಲೇ ಬರೆದಿದೆ. 2008ರಲ್ಲಿ ಅಮೆರಿಕದ ಸೈಸ್ಟಾರ್ ಅನ್ನೋ ಕಂಪನಿ ಇಂಥ ಮೆಷಿನ್ ಮಾಡಿ ಮಾರೋಕೆ ಹೋಗಿ ಕೋರ್ಟ್ ಕಟ್ಟೆ ಹತ್ತಿ ಸೋತಿತು, 2011ರಲ್ಲಿ ಮೇಲ್ಮನವಿಯೂ ಬಿದ್ದುಹೋಯ್ತು. ಮ್ಯಾಕ್‌ಓಎಸ್‌ನ ಒಳಗೇ 'ಡೋಂಟ್ ಸ್ಟೀಲ್ ಮ್ಯಾಕ್ ಓಎಸ್ ಎಕ್ಸ್' ಅನ್ನೋ ಹೆಸರಿನ ಕೆಕ್ಸ್ಟ್ ಒಂದಿದೆ, ಹೆಸರಿಡೋರಿಗೂ ತಮಾಷೆ ಗೊತ್ತಿತ್ತು ಅನ್ಸುತ್ತೆ. ನಾನು ಇದನ್ನ ಕಲಿಯೋ ಚಟಕ್ಕೆ ಮಾಡಿದ್ದು, ಆಫೀಸ್ ಕೆಲಸಕ್ಕಾಗಲಿ ಬೇರೆಯೋರಿಗೆ ಮಾಡಿಕೊಡೋಕಾಗಲಿ ಇಟ್ಕೊಂಡಿಲ್ಲ. ಹೇಳಬೇಕಾದ್ದು ಹೇಳಬೇಕಲ್ಲ.

ಆದ್ದರಿಂದ ಇಂಥ ಬರಹ ಮುಂದೆ ಹಾಕೋವಾಗ ಡ್ರೈವರ್‌ಗೆ ಒಂದು ಸಾಲಲ್ಲ, ಅರ್ಧ ಪುಟ ಕೊಡಿ. ಡೇಟಾ ಬ್ಯಾಕಪ್ ತಗೊಳ್ಳಿ, ಹಾರ್ಡ್‌ವೇರ್ ಪಟ್ಟಿ ಬರ್ಕೊಳ್ಳಿ, ಇಂಟೆಲ್ ಹನ್ನೊಂದನೇ ಜನರೇಷನ್‌ನಿಂದ ಈಚೆ ಬರೀ ಇಂಟೆಲ್ ಗ್ರಾಫಿಕ್ಸ್ ಇರೋ ಲ್ಯಾಪ್‌ಟಾಪ್ ಆದ್ರೆ ಕೈ ಹಾಕಬೇಡಿ, ಅಲ್ಲಿ ಗ್ರಾಫಿಕ್ಸ್ ಡ್ರೈವರ್ರೇ ಇಲ್ಲ ಅಂತ ದಪ್ಪ ಅಕ್ಷರದಲ್ಲಿ ಹಾಕಿ. ಅರ್ಧಕ್ಕರ್ಧ ಜನ ಅಲ್ಲೇ ವಾಪಸ್ ಹೋಗ್ತಾರೆ, ಹೋಗಲಿ, ಅವರ ನಿದ್ದೆ ಉಳಿಯುತ್ತೆ.

ಈ ಪತ್ರ ಅದೇ ಲ್ಯಾಪ್‌ಟಾಪ್‌ನಲ್ಲೇ ಟೈಪ್ ಮಾಡಿದ್ದು. ಟಚ್‌ಪ್ಯಾಡ್‌ನಲ್ಲಿ ಮೂರು ಬೆರಳು ಎಳೆದ್ರೂ ಮಾತು ಕೇಳುತ್ತೆ, ಮಡಚಿಟ್ಟು ತೆಗೆದ್ರೆ ನಿದ್ದೆಯಿಂದ ಏಳುತ್ತೆ. ಹೆಡ್‌ಫೋನ್ ಮಾತ್ರ ಇನ್ನೂ ಹಠ ಬಿಟ್ಟಿಲ್ಲ, ಸೌಂಡ್ ನಕ್ಷೆಗಳಲ್ಲಿ 28ನೇ ನಂಬರ್ ಒಂದು ಬಾಕಿ ಇದೆ, ಇದನ್ನ ನಿಮಗೆ ಕಳಿಸಿ ರೀಸ್ಟಾರ್ಟ್ ಕೊಡ್ತೀನಿ.

ಇತಿ,
ನಿಮ್ಮ ಓದುಗ