ಕೂಡಿದ ಕಾಲ್ಬೆರಳಿನ ಕುರಿತು ಮಗಳಿಗೊಂದು ಪತ್ರ

ಚಿ. ಮೇದಿನಿಗೆ ಅಮ್ಮನ ಆಶೀರ್ವಾದಗಳು.

ಅಷ್ಟು ಶ್ರಮದಿಂದ ಕಟ್ಟಿಕೊಂಡ ಜೀವಕೋಶಗಳನ್ನು ಭ್ರೂಣವು ತಾನೇ ಏಕೆ ಕೊಲ್ಲುತ್ತದೆ ಎಂದು ನೀನು ಮೊನ್ನೆ ಫೋನಿನಲ್ಲಿ ಕೇಳಿದಾಗ, ಒಲೆಯ ಮೇಲೆ ಹಾಲಿಟ್ಟು ನಾನು ಕೊಟ್ಟ ಅರೆಬರೆ ಉತ್ತರ ನನಗೇ ಸಮಾಧಾನ ತರಲಿಲ್ಲ. ಪ್ರಾಣಿಶಾಸ್ತ್ರ ಪಾಠ ಮಾಡುವ ನನಗೆ ಈ ಪ್ರಶ್ನೆ ಹೊಸದೇನಲ್ಲ. ಆದರೆ ಉತ್ತರದ ಒಂದು ತುಣುಕು ನಿನ್ನ ಎಡಗಾಲಿನಲ್ಲೇ ಇದೆಯೆಂದು ನಾನು ನಿನಗೆ ಈವರೆಗೆ ಹೇಳಿರಲಿಲ್ಲ.

ನಿನ್ನ ಎರಡನೆಯ ಮತ್ತು ಮೂರನೆಯ ಕಾಲ್ಬೆರಳುಗಳು ಅರ್ಧದವರೆಗೆ ಚರ್ಮದಿಂದ ಕೂಡಿಕೊಂಡಿರುವುದನ್ನು ಕಂಡು, ಬಾಣಂತಿ ಕೋಣೆಗೆ ಬಂದ ಹಿರಿಯರೊಬ್ಬರು, ನಾನು ಗ್ರಹಣದ ದಿನ ಅಂಗಳಕ್ಕೆ ಇಳಿದದ್ದೇ ಇದಕ್ಕೆ ಕಾರಣವೆಂದು ತೀರ್ಪು ಕೊಟ್ಟಿದ್ದರು. ಓದಿಕೊಂಡವಳಾದರೂ ಆ ಮಾತಿನಿಂದ ಕೆಲವು ರಾತ್ರಿ ನಾನು ನಿದ್ದೆ ಕಳೆದುಕೊಂಡದ್ದುಂಟು.

ಗರ್ಭದಲ್ಲಿ ಕೈಕಾಲುಗಳು ಮೊದಲು ಬೆರಳುಗಳಾಗಿ ಚಿಗುರುವುದಿಲ್ಲ. ದೋಸೆ ಮಗುಚುವ ಸಟ್ಟುಗದಂತೆ ಚಪ್ಪಟೆಯಾಗಿ ಮೂಡುತ್ತವೆ. ಅದರೊಳಗೆ ಬೆರಳುಗಳ ಮೃದ್ವಸ್ಥಿ ಗೆರೆಗಳಾಗಿ ಗಟ್ಟಿಗೊಳ್ಳುತ್ತಿರುವಾಗ, ನಡುವಿನ ಜಾಗದ ಕೋಶಗಳಿಗೆ ಬಿಎಂಪಿ ಎಂಬ ಪ್ರೋಟೀನುಗಳ ಮೂಲಕ ಸಾಯುವ ಸಂಕೇತ ತಲುಪುತ್ತದೆ. ಕೋಶದೊಳಗೆ ನಿಷ್ಕ್ರಿಯವಾಗಿದ್ದ ಕ್ಯಾಸ್ಪೇಸ್ ಎಂಬ ಕಿಣ್ವಗಳು ಎಚ್ಚೆತ್ತು ಅದರ ಒಳರಚನೆಯನ್ನು ಕತ್ತರಿಸುತ್ತವೆ, ಡಿಎನ್‌ಎ ತುಂಡಾಗುತ್ತದೆ, ಕೋಶ ಕುಗ್ಗಿ ಪೊರೆ ಸುತ್ತಿದ ಸಣ್ಣ ಸಣ್ಣ ಉಂಡೆಗಳಾಗಿ ಒಡೆಯುತ್ತದೆ, ಆ ಉಂಡೆಗಳನ್ನು ಭಕ್ಷಕ ಕೋಶಗಳು ನುಂಗಿಬಿಡುತ್ತವೆ. ಗಾಯವಾದಾಗ ಕಾಣುವ ಕೆಂಪಾಗಲಿ ಊತವಾಗಲಿ ಇಲ್ಲಿ ಇರುವುದಿಲ್ಲ.

ಕೋಳಿಮರಿಯ ಕಾಲ್ಬೆರಳುಗಳು ಹೀಗೆಯೇ ಬಿಡಿಯಾಗುತ್ತವೆ. ಬಾತುಕೋಳಿಯ ಕಾಲಿನಲ್ಲಿಯೂ ಅದೇ ಸಂಕೇತವಿದೆ. ಆದರೆ ಬೆರಳುಗಳ ನಡುವೆ ಗ್ರೆಮ್ಲಿನ್ ಎಂಬ ಇನ್ನೊಂದು ಪ್ರೋಟೀನು ಅದನ್ನು ತಡೆಯುವುದರಿಂದ ಈಜಲು ಬೇಕಾದ ಜಾಲಪಾದ ಉಳಿದುಕೊಳ್ಳುತ್ತದೆ. ಬೆಳೆಯುತ್ತಿರುವ ಕೋಳಿಭ್ರೂಣದ ಕಾಲಿಗೆ ಗ್ರೆಮ್ಲಿನ್ ಸೇರಿಸಿದಾಗ ಅದಕ್ಕೂ ಬೆರಳ ನಡುವೆ ಚರ್ಮ ಉಳಿಯಿತು. ಅಂದರೆ ಜಾಲಪಾದವೆಂಬುದು ಹೊಸದಾಗಿ ಸೇರಿಸಿದ್ದಲ್ಲ, ತೆಗೆಯದೆ ಬಿಟ್ಟದ್ದು.

ಕೆಲವು ಪುಸ್ತಕಗಳು ಇದನ್ನು ಕೋಶಗಳ ಆತ್ಮಹತ್ಯೆ ಎನ್ನುತ್ತವೆ. ಆ ಪದ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಇಲ್ಲಿ ಹತಾಶೆಯೂ ಇಲ್ಲ, ಹಿಂಸೆಯೂ ಇಲ್ಲ. ಕೆರ್, ವೈಲಿ ಮತ್ತು ಕರಿ ಎಂಬ ಮೂವರು ವಿಜ್ಞಾನಿಗಳು 1972ರಲ್ಲಿ ಇದಕ್ಕೆ ಇಟ್ಟ ಅಪೊಪ್ಟೋಸಿಸ್ ಎಂಬ ಗ್ರೀಕ್ ಹೆಸರಿಗೆ ಮರದಿಂದ ಎಲೆ ಉದುರುವುದು ಎಂಬ ಅರ್ಥವಿದೆ; ಅದೇ ಸರಿಯಾದ ಹೆಸರು.

ನಿನ್ನ ಪ್ರಶ್ನೆಗೆ ನೇರ ಉತ್ತರ ಒಂದಲ್ಲ. ಒಂದು ಮಿಲಿಮೀಟರ್ ಉದ್ದದ ಸಿ. ಎಲೆಗನ್ಸ್ ಎಂಬ ಹುಳುವಿನ ದ್ವಿಲಿಂಗಿ ಬೆಳೆಯುವಾಗ 1090 ದೇಹಕೋಶಗಳು ಹುಟ್ಟಿ, ಅವುಗಳಲ್ಲಿ 131 ಗೊತ್ತಾದ ಹೊತ್ತಿಗೆ ಸಾಯುತ್ತವೆ, 959 ಉಳಿಯುತ್ತವೆ. ಈ ಹುಳುವಿನ ಅಧ್ಯಯನಕ್ಕಾಗಿ ಬ್ರೆನ್ನರ್, ಹಾರ್ವಿಟ್ಜ್ ಮತ್ತು ಸಲ್ಸ್ಟನ್ ಅವರಿಗೆ 2002ರಲ್ಲಿ ನೊಬೆಲ್ ಬಂತು. ಸಾವಿಗೆ ಬೇಕಾದ ವಂಶವಾಹಿಯನ್ನು ಕೆಡಿಸಿದರೆ ಸಾಯಬೇಕಿದ್ದ ಕೋಶಗಳು ಉಳಿದುಕೊಳ್ಳುತ್ತವೆ, ಹುಳುವಿಗೆ ಅದರಿಂದ ಅಂಥ ತೊಂದರೆಯೇನೂ ಆಗುವುದಿಲ್ಲ. ಇಲಿಯಲ್ಲಿ ಹಾಗಲ್ಲ: ಇದೇ ವ್ಯವಸ್ಥೆಗೆ ಸೇರಿದ ಅಪಾಫ್-1 ಎಂಬ ವಂಶವಾಹಿ ಇಲ್ಲದ ಇಲಿಮರಿಗಳ ಮಿದುಳು ಅತಿಯಾಗಿ ಬೆಳೆದು, ಹೆಚ್ಚಿನವು ಹುಟ್ಟುವ ಮೊದಲೇ ಸಾಯುತ್ತವೆ. ನರಮಂಡಲವು ಬೇಕಾದ್ದಕ್ಕಿಂತ ಬಹಳ ಹೆಚ್ಚು ನರಕೋಶಗಳನ್ನು ಹುಟ್ಟಿಸಿ, ತಮ್ಮ ಗುರಿಯನ್ನು ತಲುಪಿ ಅಲ್ಲಿಂದ ಪೋಷಕ ದ್ರವ್ಯ ಪಡೆದವನ್ನಷ್ಟೇ ಉಳಿಸಿಕೊಳ್ಳುತ್ತದೆ. ಯಹೂದಿಯೆಂಬ ಕಾರಣಕ್ಕೆ ವಿಶ್ವವಿದ್ಯಾಲಯದಿಂದ ಹೊರಬಿದ್ದ ವಿಜ್ಞಾನಿ ರೀಟಾ ಲೆವಿ-ಮೊಂತಾಲ್ಚಿನಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಟಲಿಯ ಟ್ಯೂರಿನ್ನಿನ ಮನೆಯ ಮಲಗುವ ಕೋಣೆಯಲ್ಲಿ ಕೋಳಿಮೊಟ್ಟೆಗಳನ್ನಿಟ್ಟುಕೊಂಡು ಈ ನರಕೋಶಗಳ ಸಾವನ್ನು ಗಮನಿಸಿದರು. ಮುಂದೆ ಆ ಪೋಷಕ ದ್ರವ್ಯಗಳಲ್ಲಿ ಮೊದಲನೆಯದನ್ನು ಕಂಡುಹಿಡಿದದ್ದಕ್ಕೆ 1986ರ ನೊಬೆಲನ್ನು ಹಂಚಿಕೊಂಡರು.

ಇನ್ನು ಗ್ರಹಣದ ವಿಚಾರ. ಬೆರಳುಗಳು ಬಿಡಿಯಾಗುವ ಕೆಲಸ ಭ್ರೂಣಕ್ಕೆ ಸುಮಾರು ಎಂಟು ವಾರವಾಗುವ ಹೊತ್ತಿಗೆ ಮುಗಿಯುತ್ತ ಬರುತ್ತದೆ, ನಾನು ಅಂಗಳಕ್ಕೆ ಇಳಿದಾಗ ನನಗೆ ಏಳು ತಿಂಗಳು ತುಂಬಿತ್ತು. ಇಂಥ ಕೂಡುಬೆರಳು ಎಷ್ಟೋ ವೇಳೆ ವಂಶದಲ್ಲಿ ಹರಿದುಬರುತ್ತದೆ. ನಿನ್ನ ಅಪ್ಪನ ಸೋದರತ್ತೆ ನಿನ್ನ ನಾಮಕರಣಕ್ಕೆ ಬಂದವರು ಏನೂ ಮಾತಾಡದೆ ಸೀರೆಯ ನೆರಿಗೆ ಸ್ವಲ್ಪ ಎತ್ತಿ ತಮ್ಮ ಎಡಗಾಲನ್ನು ನನಗೆ ತೋರಿಸಿದರು: ಅವೇ ಎರಡು ಬೆರಳುಗಳು ಕೂಡಿಕೊಂಡಿದ್ದವು, ಬುಡಕ್ಕೆ ಇಳಿಯಲಾರದ ಬೆಳ್ಳಿಯ ಕಾಲುಂಗುರ ಬೆರಳ ತುದಿಯಲ್ಲೇ ನಿಂತಿತ್ತು.

ಇಂತು,
ನಿನ್ನ ಅಮ್ಮ