ರಾಜಕುಮಾರಿಗೆ ಏನು ಕೆಲಸ ಅಂತ ಕೇಳಿದೆಯಲ್ಲ

ಪ್ರಿಯ ರಘು,

ಮೊನ್ನೆ ಫೋನಿನಲ್ಲಿ ಜೋರಾಗಿ ನಗಾಡಿದೆ. "ಅಲ್ಲ ಮಾರಾಯ, ನೀನಿರೋ ಊರಲ್ಲಿ ಇನ್ನೂ ಒಬ್ಳು ರಾಜಕುಮಾರಿ ಇದ್ದಾಳಂತಲ್ಲ, ಅವಳಿಗೆ ದಿನವಿಡೀ ಏನು ಕೆಲಸ?" ಅಂತ. ಆಗ ಏನೋ ಹಾರಿಕೆಯ ಉತ್ತರ ಕೊಟ್ಟು ಸುಮ್ಮನಾದೆ. ಆದರೆ ಸ್ಟಾಕ್‌ಹೋಮಿಗೆ ಬಂದ ಮೇಲೆ ಈ ಸ್ವೀಡನ್ನಿನ ರಾಜಕುಮಾರಿ ವಿಕ್ಟೋರಿಯಾಳ ಕಥೆ ನನ್ನ ತಲೆಯೊಳಗೆ ಸ್ವಲ್ಪ ಜಾಸ್ತಿಯೇ ಕೂತಿದೆ. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮ ಹಾಸ್ಟೆಲ್ ಗ್ಯಾಂಗಿನವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ, ಬೈಯಬೇಡ.

ಕಥೆ ಶುರುವಾಗೋದು ಅವಳ ಅಪ್ಪನಿಂದ. ಈಗಿನ ರಾಜ ಕಾರ್ಲ್ ಗುಸ್ತಾಫ್ ಹುಟ್ಟಿದ್ದು 1946ರಲ್ಲಿ, ಸ್ಟಾಕ್‌ಹೋಮಿನ ಅಂಚಿನ ಹಾಗಾ ಅರಮನೆಯಲ್ಲಿ. ಅವನಿಗಿಂತ ಮೊದಲು ಆ ಮನೆಯಲ್ಲಿ ಸಾಲಾಗಿ ನಾಲ್ಕು ಹೆಣ್ಣುಮಕ್ಕಳು. ಜನ ಅವರನ್ನು 'ಹಾಗಾ ರಾಜಕುಮಾರಿಯರು' ಅಂತ ಮುದ್ದು ಮಾಡುತ್ತಿದ್ದರು, ಪತ್ರಿಕೆಗಳಲ್ಲಿ ಫೋಟೊ ಬರುತ್ತಿತ್ತು. ಆದರೆ ಸಿಂಹಾಸನದ ಲೆಕ್ಕಕ್ಕೆ ಅವರು ಯಾರೂ ಇಲ್ಲ. 1810ರ ಕಾನೂನಿನ ಪ್ರಕಾರ ಪಟ್ಟ ಗಂಡಿಗೆ ಮಾತ್ರ. ಐದನೆಯದು ಗಂಡಾಯಿತು, ದೇಶವೇ ನಿಟ್ಟುಸಿರು ಬಿಟ್ಟಿತು. ಒಂಬತ್ತು ತಿಂಗಳಿಗೆ ಮಗುವಿನ ಅಪ್ಪ ಕೋಪನ್‌ಹೇಗನ್‌ನ ವಿಮಾನ ಅಪಘಾತದಲ್ಲಿ ತೀರಿಹೋದ. ಇಡೀ ವಂಶ ಆ ಒಂದು ಕೂಸಿನ ಮೇಲೆ ನಿಂತಿತು.

ಇಲ್ಲೊಂದು ಉಪಕಥೆ ಇದೆ, ಅದನ್ನು ಬಿಟ್ಟರೆ ಮುಂದಿನದು ಅರ್ಥವಾಗಲ್ಲ. ಆ ಕೂಸಿನ ಚಿಕ್ಕಪ್ಪ ಬರ್ಟಿಲ್. 1943ರಲ್ಲಿ ಲಂಡನ್ನಿನಲ್ಲಿ ಲಿಲಿಯನ್ ಅನ್ನುವ ವೇಲ್ಸ್ ಹೆಣ್ಣಿನ ಪರಿಚಯವಾಗಿ ಪ್ರೀತಿಯಾಯಿತು. ಸಾಮಾನ್ಯರ ಮನೆಯವಳು, ಮದುವೆಯಾಗಿದ್ದವಳು ಬೇರೆ. ಆಗಿನ ನಿಯಮದ ಪ್ರಕಾರ ರಾಜಕುಮಾರ ಸಾಮಾನ್ಯರನ್ನು ಮದುವೆಯಾದರೆ ಪಟ್ಟದ ಹಕ್ಕು ಹೋಯಿತು ಅಂತಲೇ ಲೆಕ್ಕ. ಬರ್ಟಿಲ್‌ನ ಅಣ್ಣತಮ್ಮಂದಿರು ಹಾಗೆ ಮದುವೆಯಾಗಿ ಸಾಲಿನಿಂದ ಆಚೆ ಹೋಗಿದ್ದರು. ಹುಡುಗ ದೊಡ್ಡವನಾಗುವ ಮೊದಲೇ ಮುದುಕ ರಾಜ ಸತ್ತರೆ ರಾಜ್ಯ ನೋಡಿಕೊಳ್ಳಲು ಒಬ್ಬನಾದರೂ ಬೇಕಲ್ಲ? ಆ ಒಬ್ಬ ಬರ್ಟಿಲ್. ಅದಕ್ಕಾಗಿ ಅವನು ಮದುವೆಯನ್ನೇ ಮುಂದೂಡಿದ. ಇಬ್ಬರೂ ಸದ್ದಿಲ್ಲದೆ ಜೊತೆಗೆ ಬದುಕಿದರು. ಕೊನೆಗೆ ಮದುವೆಯಾಗಿದ್ದು 1976ರ ಡಿಸೆಂಬರಿನಲ್ಲಿ. ಅವನಿಗೆ 64, ಅವಳಿಗೆ 61. ಮಕ್ಕಳಿಲ್ಲ. ಅಷ್ಟು ಹೊತ್ತಿಗೆ ಹುಡುಗ ರಾಜನಾಗಿ ಮೂರು ವರ್ಷ ಆಗಿತ್ತು, ಅದೇ ವರ್ಷದ ಜೂನ್ 19ರಂದು ತಾನೇ ಸಾಮಾನ್ಯರ ಮನೆಯ ಸಿಲ್ವಿಯಾಳನ್ನು ಮದುವೆಯಾಗಿದ್ದ! ರಾಜ ಮಾಡಿದರೆ ಸರಿ, ರಾಜಕುಮಾರ ಮಾಡಿದರೆ ತಪ್ಪು. ಯಾವ ಊರಿನ ನ್ಯಾಯವೋ ಇದು.

ಸರಿ, 1977ರ ಜುಲೈ 14ರಂದು ಆ ರಾಜನಿಗೆ ಮೊದಲ ಮಗು, ವಿಕ್ಟೋರಿಯಾ. ಅವಳು ಹುಟ್ಟಿದಾಗ ಪಟ್ಟಕ್ಕೂ ಅವಳಿಗೂ ಸಂಬಂಧವಿಲ್ಲ. ಆದರೆ ಸ್ವೀಡನ್ನಿನ ಸಂಸತ್ತಿನಲ್ಲಿ ಕಾನೂನು ಬದಲಿಸುವ ಮಾತು ನಡೆದಿತ್ತು. ಗಂಡು ಹೆಣ್ಣು ಸಮ ಅಂತ ಊರಿಗೆಲ್ಲ ಸಾರುವ ದೇಶ, ಅರಮನೆಗೆ ಮಾತ್ರ ಬೇರೆ ರೂಲ್ಸ್ ಇಡೋದು ಹೇಗೆ? ಇಂಥ ಮೂಲಭೂತ ಕಾನೂನಿಗೆ ಇಲ್ಲಿ ಎರಡು ಸಲ ಮತ ಬೇಕು, ನಡುವೆ ಒಂದು ಚುನಾವಣೆ ಆಗಬೇಕು. ಈ ಸುತ್ತು ಮುಗಿಯುವ ಮುಂಚೆಯೇ 1979ರ ಮೇ ತಿಂಗಳಲ್ಲಿ ತಮ್ಮ ಕಾರ್ಲ್ ಫಿಲಿಪ್ ಹುಟ್ಟಿದ. ಹುಟ್ಟಿದ ಗಳಿಗೆಯಲ್ಲೇ ಯುವರಾಜ. 1980ರ ಜನವರಿ 1ರಂದು ಹೊಸ ಕಾನೂನು ಬಂತು: ಮೊದಲು ಹುಟ್ಟಿದವರಿಗೆ ಪಟ್ಟ. ಎರಡೂವರೆ ವರ್ಷದ ಅಕ್ಕ ಯುವರಾಣಿಯಾದಳು, ಏಳೂವರೆ ತಿಂಗಳ ತಮ್ಮನ ಪದವಿ ಹೋಯಿತು. ಯುರೋಪಿನಲ್ಲಿ ಹೀಗೆ ಮಾಡಿದ ಮೊದಲ ರಾಜಮನೆತನ ಇದೇ.

ಪಕ್ಕದ ನಾರ್ವೆಯವರು 1990ರಲ್ಲಿ ಇದೇ ಕಾನೂನು ತಂದರು. ಆದರೆ ಆಗಲೇ ಹುಟ್ಟಿದ್ದವರಿಗೆ ಅನ್ವಯಿಸಲಿಲ್ಲ. ಹಾಗಾಗಿ ಅಲ್ಲಿ ಅಕ್ಕ ಮಾರ್ತಾ ಲೂಯಿಸ್ ಹಿಂದೆ, ತಮ್ಮ ಹೋಕನ್ ಮುಂದೆ. ಸ್ವೀಡನ್ ರಾಜನಿಗೂ ಅದೇ ಬೇಕಿತ್ತು ಅನಿಸುತ್ತೆ. ಹುಟ್ಟಿದ ಮಗನಿಂದ ಕಿತ್ತುಕೊಂಡಿದ್ದು ಸರಿಯಲ್ಲ ಅಂತ ಅವನು ಬಹಳ ಸಲ ಗೊಣಗಿದ್ದಾನೆ. 2023ರಲ್ಲಿ ಒಂದು ಸಾಕ್ಷ್ಯಚಿತ್ರದಲ್ಲಿ ಮತ್ತೆ ಅದನ್ನೇ ಹೇಳಿ ದೊಡ್ಡ ಗಲಾಟೆಯಾಯಿತು. ಮಗಳ ಬೆನ್ನಿಗೆ ನಾನಿದ್ದೇನೆ ಅಂತ ಹೇಳಿಕೆ ಕೊಡಬೇಕಾಯಿತು. ನಲವತ್ತಕ್ಕೂ ಹೆಚ್ಚು ವರ್ಷ ಅದೇ ಕೆಲಸ ಮಾಡಿಕೊಂಡು ಬಂದ ಮಗಳು ಟಿವಿಯಲ್ಲಿ ಅದನ್ನು ಕೇಳಿದಾಗ ಏನಂದುಕೊಂಡಳೋ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ರಾಜನಿಗೇ ಅಧಿಕಾರ ಇಲ್ಲ. 1975ರಿಂದ ಜಾರಿಯಲ್ಲಿರುವ ಸಂವಿಧಾನದ ಪ್ರಕಾರ ಪ್ರಧಾನಿಯನ್ನು ಆರಿಸುವುದರಲ್ಲಿ ಅವನ ಪಾತ್ರವಿಲ್ಲ, ಮಸೂದೆಗೆ ಅವನ ಸಹಿ ಬೇಕಿಲ್ಲ. ಹಾಗಾದರೆ ರಾಜನ ಮಗಳಿಗೆ? ಅಪ್ಪ ಪರದೇಶಕ್ಕೆ ಹೋದಾಗ ಅವನ ಜಾಗದಲ್ಲಿ ಕೂರುವುದು. ವಿದೇಶಾಂಗ ಸಲಹಾ ಮಂಡಳಿಯ ಸಭೆ. ಆಸ್ಪತ್ರೆ, ಶಾಲೆ, ಕಾರ್ಖಾನೆ, ಸೈನ್ಯದ ಶಿಬಿರ. ಡಿಸೆಂಬರಿನಲ್ಲಿ ನೊಬೆಲ್ ಊಟ. 2017ರಲ್ಲಿ 40 ತುಂಬಿದಾಗ ಸ್ವೀಡನ್ನಿನ 25 ಪ್ರಾಂತ್ಯಗಳಲ್ಲೂ ಒಂದೊಂದು ಚಾರಣ ಮಾಡುತ್ತೇನೆ ಅಂತ ಹೊರಟಳು. ಟಿವಿಯಲ್ಲಿ ನೋಡಿದ್ದೇನೆ, ಬೂಟು ಹಾಕಿಕೊಂಡು ಕೆಸರಲ್ಲಿ ನಡೆಯುತ್ತಾ, ಊರಿನವರ ಜೊತೆ ಕಾಫಿ ಕುಡಿಯುತ್ತಾ. ನಕ್ಕು ನಕ್ಕು ಮುಖ ನೋಯಲ್ವಾ ಅನಿಸುತ್ತೆ.

ಇದರಲ್ಲಿ ಒಂದು ವಿಚಿತ್ರ ಕೇಳು. ಅವಳಿಗೆ ಮುಖಗಳ ಗುರುತು ಸುಲಭಕ್ಕೆ ಹತ್ತುವುದಿಲ್ಲ. ಅವಳೇ ಹೇಳಿಕೊಂಡಿದ್ದಾಳೆ. ಹೆಸರು ನೆನಪಿಡುವುದೂ ಕಷ್ಟ. ಓದು ಬರಹದಲ್ಲಿ ಅಕ್ಷರಗಳು ತೊಡಕಾಗುವ ಡಿಸ್‌ಲೆಕ್ಸಿಯಾ ಬೇರೆ, ಅಪ್ಪನಿಗೂ ತಮ್ಮನಿಗೂ ಇರುವಂಥದ್ದು. ಕೆಲಸ ನೋಡಿದರೆ ದಿನಾ ನೂರಾರು ಜನರನ್ನು ಕಂಡು ಮಾತನಾಡಿಸುವುದು, ಭಾಷಣ ಓದುವುದು. ನಾವಾದರೆ ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದೆವು. ಅವಳಿಗೆ ಆ ದಾರಿಯೇ ಇಲ್ಲ. ನಮ್ಮೂರ ಅರ್ಚಕರ ಮನೆಯ ಹಿರಿಮಗನಾದರೂ ಬೆಂಗಳೂರಿಗೆ ಹೋಗಿ ಇಂಜಿನಿಯರ್ ಆದ, ಅಲ್ವಾ?

1997ರ ಹೊತ್ತಿಗೆ ಇದೆಲ್ಲ ಮೈಮೇಲೆ ಕಾಣಿಸಿತು. ಅವಳಿಗೆ ಇಪ್ಪತ್ತು. ಫೋಟೊಗಳಲ್ಲಿ ತೀರಾ ಬಡಕಲಾಗಿದ್ದಳು. ತೋಳು ನೋಡಿದರೆ ಭಯವಾಗುತ್ತಿತ್ತು. ಪತ್ರಿಕೆಗಳು ಗುಸುಗುಸು ಬರೆದವು. ಆ ನವೆಂಬರಿನಲ್ಲಿ ಅರಮನೆಯೇ ಪ್ರಕಟಣೆ ಕೊಟ್ಟಿತು: ಯುವರಾಣಿಗೆ ಊಟಕ್ಕೆ ಸಂಬಂಧಪಟ್ಟ ಕಾಯಿಲೆ ಇದೆ, ಚಿಕಿತ್ಸೆ ನಡೆಯುತ್ತಿದೆ. ಆ ಕಾಲಕ್ಕೆ ರಾಜಮನೆತನದವರು ಹೀಗೆ ಬಾಯಿಬಿಟ್ಟು ಹೇಳಿದ್ದು ದೊಡ್ಡ ಮಾತು. ಊರಲ್ಲೇ ಓದುವ ಯೋಚನೆ ಬಿಟ್ಟು ಅವಳು ಅಮೆರಿಕಕ್ಕೆ ಹೋದಳು, ಯೇಲ್ ವಿಶ್ವವಿದ್ಯಾಲಯಕ್ಕೆ. ಅಲ್ಲಿ ಅವಳ ಗುರುತು ಹಿಡಿಯುವವರು ಕಡಿಮೆ. ಎರಡು ವರ್ಷ ಹಾಗೆ ಇದ್ದು ಸುಧಾರಿಸಿಕೊಂಡು ಬಂದಳು. ಆಮೇಲೆ ತಾನೇ ಈ ಬಗ್ಗೆ ಬಿಚ್ಚಿ ಮಾತಾಡಿದ್ದಾಳೆ. ನನಗೆ ಅವಳ ಮೇಲೆ ಗೌರವ ಹುಟ್ಟಿದ್ದು ಇಲ್ಲಿಂದ.

ವಾಪಸ್ ಬಂದು ಸ್ಟಾಕ್‌ಹೋಮಿನ ಒಂದು ಜಿಮ್ ಸೇರಿದಳು. ಅಲ್ಲಿದ್ದ ತರಬೇತುದಾರ ಡೇನಿಯಲ್ ವೆಸ್ಟ್‌ಲಿಂಗ್. ಓಕೆಲ್ಬೂ ಅನ್ನುವ ಸಣ್ಣ ಊರಲ್ಲಿ ಬೆಳೆದ ಹುಡುಗ, ತಲೆಗೆ ಟೋಪಿ, ಹಳ್ಳಿಯ ಮಾತಿನ ಧಾಟಿ. 2002ರಲ್ಲಿ ಸುದ್ದಿ ಹೊರಬಿತ್ತು. ಜಿಮ್ಮಿನವನಾ ನಮ್ಮ ಮುಂದಿನ ರಾಣಿಯ ಗಂಡ ಅಂತ ಮೂಗು ಮುರಿದವರು ಬಹಳ. ಇವಳು ಜಗ್ಗಲಿಲ್ಲ. ಏಳು ವರ್ಷ ಕಾದು 2009ರ ಫೆಬ್ರವರಿಯಲ್ಲಿ ನಿಶ್ಚಿತಾರ್ಥ. ಅದಕ್ಕೂ ಸರ್ಕಾರದ ಒಪ್ಪಿಗೆ ಬೇಕು ನೋಡು, ಕಾನೂನೇ ಹಾಗಿದೆ. ಮಗಳು ಯಾರನ್ನು ಕಟ್ಟಿಕೊಳ್ಳಬೇಕು ಅಂತ ಮಂತ್ರಿಗಳು ಕೂತು ನಿರ್ಣಯ ಮಾಡುತ್ತಾರೆ! ಧರ್ಮವೂ ಅಷ್ಟೆ: ಪಟ್ಟ ಬೇಕಾದರೆ ಲೂಥರನ್ ಕ್ರೈಸ್ತಳಾಗಿಯೇ ಇರಬೇಕು. ಮತ ಹಾಕುವುದಕ್ಕೆ ತಡೆಯಿಲ್ಲ, ಆದರೆ ರಾಜಮನೆತನದವರು ಹಾಕುವುದಿಲ್ಲ.

ಆಗಲೇ ಡೇನಿಯಲ್‌ಗೆ ಹುಟ್ಟಿನಿಂದ ಬಂದ ಕಿಡ್ನಿಯ ತೊಂದರೆ ಕೈಮೀರಿತು. ಅದೇ ಮೇ ತಿಂಗಳಲ್ಲಿ ಅವನ ಅಪ್ಪನೇ ಒಂದು ಕಿಡ್ನಿ ಕೊಟ್ಟರು. ಆಪರೇಷನ್ ನಡೆದ ದಿನ ವಿಕ್ಟೋರಿಯಾ ಎಲ್ಲಿದ್ದಳು ಗೊತ್ತಾ? ಗ್ರೀನ್‌ಲ್ಯಾಂಡಿನಲ್ಲಿ. ಡೆನ್ಮಾರ್ಕ್, ನಾರ್ವೆಯ ಯುವರಾಜರ ಜೊತೆ ಹಿಮ ಕರಗುವುದನ್ನು ನೋಡುವ ಅಧಿಕೃತ ಪ್ರವಾಸ. ಮೊದಲೇ ನಿಗದಿಯಾಗಿತ್ತು, ಹೋದಳು. ಮದುವೆಯಾಗಬೇಕಾದ ಹುಡುಗ ಇಲ್ಲಿ ಆಪರೇಷನ್ ಮೇಜಿನ ಮೇಲೆ, ಇವಳು ಅಲ್ಲಿ ದಪ್ಪ ಜಾಕೆಟ್ ಹಾಕಿಕೊಂಡು ಕ್ಯಾಮೆರಾ ಮುಂದೆ. ಏನು ಕೆಲಸ ಅಂತ ಕೇಳಿದೆಯಲ್ಲ ರಘು, ಇದು ಕೆಲಸ. ಹೋಗಬೇಕಿತ್ತಾ ಅಂತ ನನ್ನನ್ನು ಕೇಳಿದರೆ, ಬೇಡವಾಗಿತ್ತು ಅಂತಲೇ ಹೇಳುತ್ತೇನೆ. ಹಿಮ ಇನ್ನೊಂದು ವಾರ ಕಾಯುತ್ತಿತ್ತು.

2010ರ ಜೂನ್ 19ರಂದು, ಅಪ್ಪ ಅಮ್ಮ ಮದುವೆಯಾದ ದಿನಾಂಕದಂದೇ, ಅದೇ ಚರ್ಚಿನಲ್ಲಿ ಮದುವೆ. ಅಲ್ಲೂ ಒಂದು ಜಗಳ. ಅಪ್ಪ ಕೈಹಿಡಿದು ತನ್ನನ್ನು ಬಲಿಪೀಠದವರೆಗೆ ಕರೆದೊಯ್ಯಲಿ ಅಂತ ಅವಳ ಆಸೆ. ಇಲ್ಲಿನ ಪದ್ಧತಿಯಲ್ಲಿ ಹುಡುಗ ಹುಡುಗಿ ಜೊತೆಯಾಗಿಯೇ ನಡೆದು ಬರುತ್ತಾರೆ. ಹೆಣ್ಣನ್ನು ಒಬ್ಬ ಗಂಡಸು ಇನ್ನೊಬ್ಬನಿಗೆ ಒಪ್ಪಿಸುವುದು ಏನು ಚೆಂದ ಅಂತ ಪಾದ್ರಿಗಳೇ ಆಕ್ಷೇಪ ತೆಗೆದರು. ಕೊನೆಗೆ ಅರ್ಧ ದಾರಿ ಅಪ್ಪ, ಉಳಿದರ್ಧ ಡೇನಿಯಲ್ ಅಂತ ರಾಜಿಯಾಯಿತು. ಸಮಾನತೆಯ ಕಾನೂನಿನಿಂದ ಪಟ್ಟ ಪಡೆದವಳೇ ಹಳೇ ಪದ್ಧತಿ ಬೇಕು ಅಂದಳಲ್ಲ ಅಂತ ಜನ ಆಡಿಕೊಂಡರು. ನನಗೆ ಇದರಲ್ಲಿ ತಪ್ಪು ಕಾಣಲಿಲ್ಲ. ಪಟ್ಟ ಅವಳು ಕೇಳಿ ಪಡೆದದ್ದಲ್ಲ. ಅಪ್ಪನ ಕೈ ಹಿಡಿಯೋದು ಕೇಳಿ ಪಡೆದದ್ದು.

ಆ ರಾತ್ರಿ ಊಟದ ಹೊತ್ತಿನಲ್ಲಿ ಡೇನಿಯಲ್ ಮಾಡಿದ ಭಾಷಣ ಇಲ್ಲಿ ಇವತ್ತಿಗೂ ಜನರ ಬಾಯಲ್ಲಿದೆ. ಮೊದಲು ತನ್ನನ್ನೇ ಕಪ್ಪೆ ರಾಜಕುಮಾರನ ಕಥೆಗೆ ಹೋಲಿಸಿ ನಗಿಸಿದ. ಆಮೇಲೆ ಒಂದು ಪ್ರಸಂಗ ಹೇಳಿದ. ಅವಳು ಒಂದು ತಿಂಗಳ ಮಟ್ಟಿಗೆ ಚೀನಾಕ್ಕೆ ಹೊರಟಿದ್ದಳಂತೆ. ಹಿಂದಿನ ರಾತ್ರಿ ಯಾವುದೋ ಸಮಾರಂಭ ಮುಗಿಸಿ ತಡವಾಗಿ ಮನೆಗೆ ಬಂದಳು. ಪ್ರಯಾಣದ ತಯಾರಿಯೂ ಬಾಕಿ ಇತ್ತು. ಅವಳು ನಿದ್ದೆ ಮಾಡಿದ್ದೇ ಕಡಿಮೆ ಅಂತ ಅವನಿಗೆ ಗೊತ್ತಾಗಿದ್ದು ಅವಳು ಹೋದ ಮೇಲೆ. ಮನೆಯಲ್ಲಿ ಅವನ ಹೆಸರಿಗೆ ಬರೆದ 30 ಪತ್ರಗಳು ಸಿಕ್ಕವು. ಅವಳಿಲ್ಲದ ಒಂದೊಂದು ದಿನಕ್ಕೆ ಒಂದೊಂದು. ಇದನ್ನು ಹೇಳುವಾಗ ಅವಳ ಕಣ್ಣು ತುಂಬಿತ್ತು. ಮೂಗು ಮುರಿದವರೆಲ್ಲ ಅವತ್ತಿನಿಂದ ಡೇನಿಯಲ್ ಪಕ್ಷ ಸೇರಿದರು ಅಂತ ನಮ್ಮ ಆಫೀಸಿನ ಹಿರಿಯರೊಬ್ಬರು ಹೇಳುತ್ತಾರೆ. ಅವರು ರಾಜಮನೆತನವೇ ಬೇಡ ಅನ್ನುವ ಗಟ್ಟಿ ಗುಂಪಿನವರು. "ಇದೆಲ್ಲ ನಿಲ್ಲಬೇಕು. ಆದ್ರೆ ವಿಕ್ಟೋರಿಯಾ ಇರೋವರೆಗೂ ಬೇಡ" ಅಂತ ಅವರ ವಾದ. ನನ್ನದೂ ಹೆಚ್ಚು ಕಡಿಮೆ ಅದೇ. ಹುಟ್ಟಿನಿಂದ ಬರುವ ದೊಡ್ಡಸ್ತಿಕೆ ನನಗೆ ಹಿಡಿಸುವುದಿಲ್ಲ, ನಿನಗೆ ಗೊತ್ತೇ ಇದೆ. ಆದರೆ ಇವಳ ವಿಷಯದಲ್ಲಿ ಅದು ದೊಡ್ಡಸ್ತಿಕೆ ಥರ ಕಾಣುವುದಿಲ್ಲ, ಎರಡೂವರೆ ವರ್ಷಕ್ಕೆ ಹೊರಿಸಿದ ಡ್ಯೂಟಿ ಥರ ಕಾಣುತ್ತೆ. ತಂಗಿ ಮೆಡೆಲೀನ್ ನ್ಯೂಯಾರ್ಕು, ಲಂಡನ್ನು, ಫ್ಲಾರಿಡಾ ಅಂತ ಸುತ್ತಿ ಬದುಕಿದಳು. ಕಿರೀಟ ಕಳೆದುಕೊಂಡ ತಮ್ಮ ಕಾರು ರೇಸಿನಲ್ಲಿ ಓಡಿದ. 2019ರಲ್ಲಿ ರಾಜ ಅವರಿಬ್ಬರ ಮಕ್ಕಳನ್ನು ಅರಮನೆಯ ಅಧಿಕೃತ ಪಟ್ಟಿಯಿಂದ ಬಿಡಿಸಿಯೂ ಬಿಟ್ಟ. ಇಬ್ಬರೂ ಖುಷಿಯಿಂದಲೇ ಒಪ್ಪಿಕೊಂಡರು. ಬಿಡುಗಡೆ ಸಿಗದೇ ಉಳಿದವಳು ದೊಡ್ಡವಳು.

ಈಗ ಅವಳು, ಡೇನಿಯಲ್, ಮಕ್ಕಳಾದ ಎಸ್ಟೆಲ್ ಮತ್ತು ಆಸ್ಕರ್ ಇರುವುದು ಅದೇ ಹಾಗಾದಲ್ಲಿ, ಅಪ್ಪ ಹುಟ್ಟಿದ ಮನೆಯಲ್ಲಿ. ಸುತ್ತಲಿನ ಪಾರ್ಕು ಎಲ್ಲರಿಗೂ ತೆರೆದಿದೆ, ಮನೆಯ ಸುತ್ತ ಮಾತ್ರ ಬೇಲಿ. ಭಾನುವಾರ ನಾವು ವಾಕಿಂಗ್ ಹೋಗುತ್ತೇವೆ. ಬೇಲಿಯ ಈಚೆ ನಾಯಿ ಹಿಡಿದವರು, ಪ್ರ್ಯಾಮು ತಳ್ಳುವವರು, ಆಚೆ ಬಿಳಿ ಗೋಡೆ, ಕ್ಯಾಮೆರಾ ಕಂಬಗಳು. 2012ರಲ್ಲಿ ಹುಟ್ಟಿದ ಎಸ್ಟೆಲ್‌ಗೆ ತೊಟ್ಟಿಲಲ್ಲೇ ಸಾಲು ನಿಗದಿ, ಅಮ್ಮನ ನಂತರ ಅವಳು. ಅಮ್ಮನ ಸರದಿಯೇ ಇನ್ನೂ ಬಂದಿಲ್ಲ. 1973ರಿಂದ ಕೂತ ಅಪ್ಪನಿಗೆ ಇಳಿಯುವ ಯೋಚನೆಯಿಲ್ಲ. 2024ರಲ್ಲಿ ಡೆನ್ಮಾರ್ಕಿನ ರಾಣಿ ಮಗನಿಗೆ ಬಿಟ್ಟುಕೊಟ್ಟಾಗಲೂ ಇಲ್ಲಿ ಏನೂ ಅಲುಗಾಡಲಿಲ್ಲ. ವಿಕ್ಟೋರಿಯಾ ಆ ವರ್ಷ 47ನೇ ವಯಸ್ಸಿನಲ್ಲಿ ಸೈನ್ಯದ ಅಧಿಕಾರಿ ತರಬೇತಿಗೆ ಸೇರಿಕೊಂಡಳು.

ನೀನು ಈ ಕಡೆ ಬರುವುದಾದರೆ ಜುಲೈನಲ್ಲಿ ಬಾ. 14ರಂದು ಅವಳ ಹುಟ್ಟುಹಬ್ಬ. ಓಲಾಂಡ್ ದ್ವೀಪದ ಸೊಲ್ಲಿಡೆನ್ ಬೇಸಿಗೆ ಮನೆಯ ಮುಂದೆ ಜನ ಹೂವು ಹಿಡಿದು ನಿಲ್ಲುತ್ತಾರೆ, ಅವಳು ಹೊರಗೆ ಬಂದು ಮಾತಾಡಿಸುತ್ತಾಳೆ. ಸಂಜೆ ಬೋರ್ಗ್‌ಹೋಮ್‌ನಲ್ಲಿ ಹಾಡು, ಒಬ್ಬ ಕ್ರೀಡಾಪಟುವಿಗೆ ಅವಳ ಹೆಸರಿನ ಬಹುಮಾನ. ಕಾಲ್ಮಾರ್‌ವರೆಗೆ ರೈಲು, ಆಮೇಲೆ ಉದ್ದನೆಯ ಸೇತುವೆ ದಾಟಿದರೆ ದ್ವೀಪ. ವೀಸಾಕ್ಕೆ ಮಾತ್ರ ಈಗಲೇ ಅರ್ಜಿ ಹಾಕು, ಬೇಸಿಗೆ ಹತ್ತಿರ ಬಂದರೆ ಅಪಾಯಿಂಟ್‌ಮೆಂಟ್ ಸಿಗುವುದಿಲ್ಲ. ಬರುವಾಗ ಅಮ್ಮನ ಹತ್ತಿರ ಕೇಳಿ ಅಪ್ಪೆಮಿಡಿ ಉಪ್ಪಿನಕಾಯಿ ತಾ, ಸರಿಯಾಗಿ ಪ್ಯಾಕ್ ಮಾಡಿಸು.

ನಿನ್ನ,
ಸುಬ್ಬು